'ಮುಗಿಯಿತು' ಅಂತ ಯಾಕೆ ಸುಳ್ಳು ಹೇಳ್ತೀರಿ?

ತಿಂಗಳುಗಟ್ಟಲೆ ಈ ಕಡೆ ತಲೆ ಹಾಕಿರಲಿಲ್ಲ. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಇವತ್ತು ಸಿಟ್ಟು ಬಂದಿದೆ, ಅದಕ್ಕೇ ಕೂತು ಕುಟ್ಟುತ್ತಿದ್ದೇನೆ. ಲಿನಕ್ಸ್ ಅಂದರೆ ಎದೆ ಉಬ್ಬಿಸುವ ಮಿತ್ರರು ಸ್ವಲ್ಪ ಸಮಾಧಾನದಿಂದ ಓದಿ. ನಾನೂ ನಿಮ್ಮವನೇ. ಹದಿನೈದು ವರ್ಷಕ್ಕೂ ಮೇಲಾಯ್ತು, ನನ್ನ ಗಣಕದಲ್ಲಿ ಬೇರೆ ಯಾವುದನ್ನೂ ಹಾಕಿಲ್ಲ. ಮನೆಯವರನ್ನು ಬೈಯುವ ಹಕ್ಕು ಮನೆಯವರಿಗೇ ಇರೋದು ಅಲ್ವಾ?

ವಿಷಯ ಇಷ್ಟು. ಹೊರಗಿನ ಹಾರ್ಡ್‌ಡಿಸ್ಕನ್ನು ಯುಎಸ್‌ಬಿಗೆ ಚುಚ್ಚಿ ಕಡತಗಳನ್ನು ಹಾಕ್ತೀರಿ. ಮುಗಿಯಿತು ಅನ್ನುತ್ತೆ. ಸರಿ ಅಂತ ಅನ್‌ಮೌಂಟ್ ಒತ್ತುತ್ತೀರಿ. ಅಲ್ಲಿಗೆ ಎಲ್ಲ ಸ್ತಬ್ಧ! ಚಕ್ರ ತಿರುಗುತ್ತಲೇ ಇರುತ್ತೆ. ಟರ್ಮಿನಲ್ಲಿನಲ್ಲಿ ಕೊಟ್ಟಿದ್ದರೆ ಪ್ರಾಂಪ್ಟು ವಾಪಸ್ ಬರೋದೇ ಇಲ್ಲ. ಕಂಟ್ರೋಲ್ ಸಿ ಒತ್ತಿದರೂ ಇಲ್ಲ, ಕಿಲ್ ಮಾಡಿದರೂ ಇಲ್ಲ. ಆಗ ನಮ್ಮ ಪಂಡಿತರೊಬ್ಬರನ್ನು ಕೇಳ್ತೀರಿ. ಅವರು ಹೇಳೋದು ಮೂರರಲ್ಲಿ ಒಂದು. "ಎಳೆದು ಬಿಡು ಮಾರಾಯ, ಏನೂ ಆಗಲ್ಲ." "ಲೇಜಿ ಅನ್‌ಮೌಂಟ್ ಕೊಡು, ತಕ್ಷಣ ಹೋಗುತ್ತೆ." "ರೀಸ್ಟಾರ್ಟ್ ಮಾಡು."

ಮೂರೂ ತಪ್ಪು. ಬರೀ ತಪ್ಪಲ್ಲ, ಅಪಾಯ. ಹೇಗೆ ಅಂತ ಮೊದಲು ನನ್ನ ಕಥೆ ಹೇಳಿಬಿಡ್ತೇನೆ.

ನಮ್ಮ ದೊಡ್ಡಪ್ಪ ತಾಳಮದ್ದಲೆ ಅರ್ಥಧಾರಿ. ದೊಡ್ಡ ಹೆಸರೇನೂ ಅಲ್ಲ, ಊರು ಮತ್ತು ಸುತ್ತಲಿನ ನಾಲ್ಕು ಊರಿಗೆ ಗೊತ್ತಿದ್ದವರು. ಮಳೆಗಾಲದಲ್ಲಿ ನಮ್ಮ ಮನೆ ಜಗಲಿಯಲ್ಲೇ ಕೂಟ ನಡೀತಿತ್ತು. ಅದನ್ನು ಯಾರೋ ಪುಣ್ಯಾತ್ಮರು ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು. ತೊಂಬತ್ತು ನಿಮಿಷದ ಆರು ಕ್ಯಾಸೆಟ್ಟು. ದೊಡ್ಡಪ್ಪ ಹೋಗಿ ಎಷ್ಟೋ ವರ್ಷವಾದ ಮೇಲೆ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಸಿಕ್ಕವು. ಬೂಸ್ಟು ಹಿಡಿದಿತ್ತು. ಒರೆಸಿ, ಒಣಗಿಸಿ, ಹಳೇ ಡೆಕ್ಕಿನಲ್ಲಿ ಒಂದೊಂದಾಗಿ ಹಾಕಿ ಲ್ಯಾಪ್‌ಟಾಪಿಗೆ ಇಳಿಸಿದೆ. ಆರನೆಯ ಕ್ಯಾಸೆಟ್ಟು ಎರಡನೇ ಬದಿಯ ಕೊನೆಗೆ ಬರುವಷ್ಟರಲ್ಲಿ ಟೇಪು ಮುದ್ದೆಯಾಗಿ ತುಂಡಾಯಿತು. ಹೋಗಲಿ, ಇಳಿಸಿ ಆಗಿದೆಯಲ್ಲ ಅಂತ ಸಮಾಧಾನ. ಐದನೆಯದ್ದೂ ಮತ್ತೊಮ್ಮೆ ತಿರುಗುವ ಸ್ಥಿತಿಯಲ್ಲಿ ಇರಲಿಲ್ಲ.

ಸೀಡಿ ಗುಣಮಟ್ಟದ ವೇವ್ ಕಡತ ಅಂದರೆ ನಿಮಿಷಕ್ಕೆ ಸುಮಾರು 10 ಎಂಬಿ. ಒಂದು ಕ್ಯಾಸೆಟ್ಟಿಗೆ 900 ಎಂಬಿ, ಆರಕ್ಕೆ ಐದೂವರೆ ಜೀಬಿ. ಲ್ಯಾಪ್‌ಟಾಪಿನಲ್ಲಿ ಜಾಗ ಕಡಿಮೆ ಇತ್ತು. ಹಾಗಾಗಿ ಹೊರಗಿನ ಡಿಸ್ಕಿಗೆ ಕಾಪಿ ಮಾಡಲಿಲ್ಲ, ಎಂವಿ ಆಜ್ಞೆ ಕೊಟ್ಟು ಸಾಗಿಸಿದೆ. ಹತ್ತು ನಿಮಿಷದಲ್ಲಿ ಪ್ರಾಂಪ್ಟು ಬಂತು, ಮುಗಿಯಿತು ಅಂತ. ಅನ್‌ಮೌಂಟ್ ಕೊಟ್ಟೆ. ಅಲ್ಲಿ ನಿಂತಿತು. ಒಂದು ನಿಮಿಷ, ಎರಡು, ನಾಲ್ಕು.. ಮಿತ್ರನಿಗೆ ಫೋನು ಹಾಯಿಸಿದೆ. "ಕಾಪಿ ಮುಗೀತಲ್ಲ? ಹಾಗಾದ್ರೆ ಎಳೆದು ಬಿಡು."

ಎಳೆದೆ.

ಮತ್ತೆ ಚುಚ್ಚಿ ನೋಡಿದರೆ ನಾಲ್ಕು ಕಡತ ಸರಿಯಾಗಿದ್ದವು. ಐದನೆಯದು ಹನ್ನೆರಡು ನಿಮಿಷ ಕೇಳಿಸಿ ನಿಂತಿತು. ಆರನೆಯದರ ಹೆಸರು ಇತ್ತು, ಒಳಗೆ ಸೊನ್ನೆ. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಮೂಲ ಕಡತಗಳು ಆರೂ ಇಲ್ಲ. ಎಂವಿ ತನ್ನ ಕೆಲಸ ತಾನು ಮಾಡಿಯಾಗಿತ್ತು, ಅಳಿಸಿತ್ತು. ಕ್ಯಾಸೆಟ್ಟು ತುಂಡು.

ಈಗ ಹೇಳಿ, ಯಾರ ತಪ್ಪು? ನಾನು ಎಳೆದೆ, ನನ್ನ ತಪ್ಪು ಒಪ್ಪಿದೆ. ಆದರೆ "ಮುಗಿಯಿತು" ಅಂತ ಹೇಳಿದ್ದು ಯಾರು?

ಜಗಲಿಯ ಮೇಲಿನ ಮೂಟೆಗಳು

ಒಳಗೆ ಏನಾಗುತ್ತೆ ಅಂತ ನಮ್ಮ ಕಡೆಯ ಲೆಕ್ಕದಲ್ಲೇ ಹೇಳ್ತೇನೆ. ಲಾರಿಯಲ್ಲಿ ಅಡಿಕೆ ಮೂಟೆ ಬಂತು ಅಂತ ಇಟ್ಟುಕೊಳ್ಳಿ. ಉಗ್ರಾಣದ ಬಾಗಿಲು ಸಣ್ಣದು, ಒಳಗೆ ಹೊರುವವನು ಒಬ್ಬನೇ. ಲಾರಿ ಕಾಯುವುದು ಬೇಡ ಅಂತ ಆಳುಗಳು ಮೂಟೆಗಳನ್ನೆಲ್ಲ ಇಳಿಸಿ ಜಗಲಿಯ ಮೇಲೆ ಪೇರಿಸ್ತಾರೆ. "ಆಯ್ತು ಅಯ್ಯಾ, ಎಲ್ಲ ಇಳಿಸಿದ್ವಿ" ಅಂತ ಹೇಳಿ ಲಾರಿಯನ್ನು ಕಳಿಸ್ತಾರೆ. ಹೊರುವವನು ಒಂದೊಂದೇ ಮೂಟೆ ಹೊತ್ತು ಒಳಗೆ ಇಡ್ತಾ ಇರ್ತಾನೆ.

ಈ ಜಗಲಿಯೇ ನಿಮ್ಮ ಗಣಕದ ಮೆಮೊರಿ. ಉಗ್ರಾಣವೇ ಹೊರಗಿನ ಡಿಸ್ಕು. ಸಿಪಿ, ಎಂವಿ ಆಜ್ಞೆಗಳಿಗೆ ಜಗಲಿಗೆ ಇಳಿದರೆ ಸಾಕು, ಕೆಲಸ ಮುಗಿದಂತೆ. ಹಲವು ಕಡತ ನಿರ್ವಾಹಕಗಳು ತೋರಿಸುವ ನೂರಕ್ಕೆ ನೂರು ಪಟ್ಟಿಯ ಹಣೆಬರಹವೂ ಇದೇ. ಜಗಲಿಯ ಮೇಲೆ ಉಳಿದ ಈ ಬಾಕಿ ಮಾಲಿಗೆ ಕರ್ನೆಲ್ಲಿನವರು ಇಟ್ಟ ಹೆಸರು ಡರ್ಟಿ ಪೇಜ್.

ನೀವು ಬಾಗಿಲಿಗೆ ಬೀಗ ಹಾಕೋಕೆ ಹೋಗ್ತೀರಿ, ಅದೇ ಅನ್‌ಮೌಂಟ್. ಆಗ ಹೊರುವವನು ಬಾಗಿಲಲ್ಲಿ ಅಡ್ಡ ನಿಂತು "ತಡೀರಿ, ಇನ್ನೂ ಮೂಟೆ ಇದೆ" ಅಂತಾನೆ. ನಮಗೆ ಸಿಟ್ಟು ಬರೋದು ಇವನ ಮೇಲೆ! ಇಡೀ ವ್ಯವಹಾರದಲ್ಲಿ ನಿಜ ಹೇಳಿದವನು ಇವನೊಬ್ಬನೇ. ಅನ್‌ಮೌಂಟ್ ನೇತಾಡ್ತಿದೆ ಅಂತೀವಲ್ಲ, ಅದು ನೇತಾಡ್ತಿಲ್ಲ ಸ್ವಾಮೀ, ಹೊರುತ್ತಿದೆ. ಅದಕ್ಕಿಂತ ಮುಂಚೆ "ಮುಗಿಯಿತು" ಅಂದವನೇ ಸುಳ್ಳ.

ನನ್ನ ಪ್ರಕರಣದಲ್ಲಿ ಇನ್ನೂ ಕೆಟ್ಟದ್ದೊಂದಿದೆ. ಎಂವಿ ಆಜ್ಞೆ ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಸಾಗಿಸುವಾಗ ಮೊದಲು ಕಾಪಿ ಮಾಡುತ್ತೆ, ಆಮೇಲೆ ಮೂಲವನ್ನು ಅಳಿಸುತ್ತೆ. ಕಾಪಿ ಡಿಸ್ಕಿಗೆ ನಿಜವಾಗಿ ಮುಟ್ಟಿತೇ ಅಂತ ನಡುವೆ ಅದು ಕೇಳೋದಿಲ್ಲ. ಲ್ಯಾಪ್‌ಟಾಪಿನಲ್ಲಿರೋದು ಇಎಕ್ಸ್‌ಟಿ4. ಅದು ಐದು ಸೆಕೆಂಡಿಗೊಮ್ಮೆ ತನ್ನ ಲೆಕ್ಕವನ್ನು ಡಿಸ್ಕಿಗೆ ಬರೆದು ಕಾಯಂ ಮಾಡುತ್ತೆ. ಅಂದರೆ ಅಳಿಸುವ ಕೆಲಸ ಐದು ಸೆಕೆಂಡಿನಲ್ಲಿ ಪಕ್ಕಾ, ಬರೆಯುವ ಕೆಲಸ ಮಾತ್ರ ಆರು ನಿಮಿಷ ಬಾಕಿ! ಆ ಆರು ನಿಮಿಷ ದೊಡ್ಡಪ್ಪನ ದನಿ ಎರಡೂ ಡಿಸ್ಕಿನಲ್ಲಿ ಇರಲಿಲ್ಲ. ಮೆಮೊರಿಯಲ್ಲಿ ಮಾತ್ರ ಇತ್ತು. ಅದೇ ಹೊತ್ತಿಗೆ ನಾನು ವೈರು ಎಳೆದೆ.

ಲೆಕ್ಕ ಹಳೇ ಕಾಲದ್ದು

ಜಗಲಿಯ ಮೇಲೆ ಎಷ್ಟು ಮೂಟೆ ಪೇರಿಸಬಹುದು ಅನ್ನೋದಕ್ಕೆ ಲಿನಕ್ಸಿನಲ್ಲಿ ಎರಡು ಮಿತಿಗಳಿವೆ. ಒಂದು ಡರ್ಟಿ ಬ್ಯಾಕ್‌ಗ್ರೌಂಡ್ ರೇಶಿಯೊ. ಕರ್ನೆಲ್ಲಿನಲ್ಲಿ ಅದು ಶೇಕಡಾ 10, ಅಷ್ಟು ತುಂಬಿದರೆ ಹಿನ್ನೆಲೆಯಲ್ಲಿ ಹೊರೋಕೆ ಶುರು. ಇನ್ನೊಂದು ಡರ್ಟಿ ರೇಶಿಯೊ, ಅದು ಶೇಕಡಾ 20. ಅಷ್ಟಾದರೆ ಇಳಿಸುವವರನ್ನೇ ತಡೆದು ನಿಲ್ಲಿಸುತ್ತೆ. ಇದಲ್ಲದೆ 30 ಸೆಕೆಂಡಿಗಿಂತ ಹಳೆಯದಾದ ಮೂಟೆಯನ್ನೂ ಹೊರೋಕೆ ಶುರು ಮಾಡುತ್ತೆ. ಶೇಕಡಾ ಯಾವುದರದ್ದು? ಬಳಕೆಗೆ ಸಿಗುವ ಮೆಮೊರಿಯದ್ದು.

ಇಲ್ಲೇ ಇರೋದು ಎಡವಟ್ಟು. 64 ಎಂಬಿ ಮೆಮೊರಿಯ ಗಣಕದಲ್ಲಿ ಶೇಕಡಾ 20 ಅಂದರೆ 13 ಎಂಬಿ. ಸೆಕೆಂಡಿಗೆ ಒಂದೇ ಎಂಬಿ ಬರೆಯುವ ಡಿಸ್ಕಾದರೂ 13 ಸೆಕೆಂಡು, ಒಂದು ಸಲ ಆಕಳಿಸುವಷ್ಟರಲ್ಲಿ ಮುಗೀತು. ಈಗ 16 ಜೀಬಿ ಮೆಮೊರಿ ಸಾಮಾನ್ಯ. ಅದರ ಶೇಕಡಾ 20 ಅಂದರೆ 3 ಜೀಬಿಗೂ ಮೇಲೆ. ಅಷ್ಟೂ ತುಂಬೋದು ಬೇಡ, 2 ಜೀಬಿ ಬಾಕಿ ಉಳಿದಿದೆ ಅಂತಲೇ ಹಿಡಿಯಿರಿ. ಪೆನ್‌ಡ್ರೈವೋ ಹಳೇ ಡಿಸ್ಕೋ ಸೆಕೆಂಡಿಗೆ 5 ಎಂಬಿ ಬರೆದರೆ 400 ಸೆಕೆಂಡು, ಆರು ನಿಮಿಷ ನಲವತ್ತು ಸೆಕೆಂಡು. "ಮುಗಿಯಿತು" ಅಂದ ಮೇಲೆ ಇಷ್ಟು ಹೊತ್ತು! ಮೆಮೊರಿ ಜಾಸ್ತಿ ಹಾಕಿಸಿದಷ್ಟೂ ಸುಳ್ಳು ದೊಡ್ಡದಾಗುತ್ತೆ. ದುಡ್ಡು ಕೊಟ್ಟು ಗಣಕ ಒಳ್ಳೇದು ಮಾಡಿಸಿದವನಿಗೇ ಶಿಕ್ಷೆ.

ಇದೇನು ನಾನು ಕಂಡುಹಿಡಿದ ಸತ್ಯವಲ್ಲ. 2013ರಲ್ಲೇ ಕರ್ನೆಲ್ ಅಭಿವೃದ್ಧಿಗಾರರ ನಡುವೆ ಇದರ ಚರ್ಚೆಯಾಗಿದೆ. ಈ ಶೇಕಡಾ ಲೆಕ್ಕ ಗಣಕಗಳಲ್ಲಿ 8ರಿಂದ 64 ಎಂಬಿ ಮೆಮೊರಿ ಇದ್ದ ಕಾಲದ್ದು ಅಂತ ಸ್ವತಃ ಲಿನಸ್ ಟೋರ್ವಾಲ್ಡ್ಸ್ ಆಗ ಒಪ್ಪಿಕೊಂಡರು. ಒಪ್ಪಿ ಹತ್ತು ವರ್ಷದ ಮೇಲಾಯ್ತು. ಕರ್ನೆಲ್ಲಿನ 10 ಮತ್ತು 20 ಹಾಗೇ ಕೂತಿವೆ. ಕೆಲವು ವಿತರಣೆಗಳು ತಮ್ಮದೇ ಮಿತಿ ಹಾಕಿಕೊಂಡಿವೆ, ಉಳಿದವು ಕರ್ನೆಲ್ ಕೊಟ್ಟದ್ದನ್ನೇ ಪ್ರಸಾದದಂತೆ ಕಣ್ಣಿಗೊತ್ತಿಕೊಂಡಿವೆ.

ದಾರಿ ಇಲ್ಲವೇ ಅಂದರೆ, ಇದೆ. ಶೇಕಡಾ ಬಿಟ್ಟು ಇಂತಿಷ್ಟೇ ಬೈಟು ಅಂತ ಮಿತಿ ಹಾಕುವ ಡರ್ಟಿ ಬೈಟ್ಸ್ 2009ರಿಂದ ಇದೆ. ಒಂದೊಂದು ಸಾಧನಕ್ಕೂ ಬೇರೆ ಬೇರೆ ಮಿತಿ ಹಾಕುವ ಸೌಲಭ್ಯವೂ ಇದೆ, 2023ರ 6.2 ಕರ್ನೆಲ್ಲಿನಿಂದ ಅದನ್ನು ಬೈಟಿನಲ್ಲೇ ಹೇಳಬಹುದು. ಅಂದರೆ ಒಳಗಿನ ವೇಗದ ಎಸ್‌ಎಸ್‌ಡಿಗೆ ದೊಡ್ಡ ಜಗಲಿ, ಹೊರಗಿನ ಬಡಪಾಯಿ ಡಿಸ್ಕಿಗೆ ಸಣ್ಣ ಜಗಲಿ. ಉಪಕರಣ ತಯಾರಿಸಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾರೆ. ಬೀಗದಕೈ ಎಲ್ಲಿದೆ ಅಂತ ಸಾಮಾನ್ಯ ಬಳಕೆದಾರನಿಗೆ ಯಾರು ಹೇಳ್ತಾರೆ?

ವಿಂಡೋಸನ್ನು ಹೊಗಳೋಕೆ ನನಗೂ ನಾಲಿಗೆ ತಿರುಗಲ್ಲ. ಆದರೆ 2018ರ ವಿಂಡೋಸ್ 10, 1809ನೇ ಆವೃತ್ತಿಯಲ್ಲಿ ಅವರು ಹೊರಗಿನ ಸಾಧನಗಳಿಗೆ ಮೊದಲಿಂದ ಬರುವ ನಿಯಮವನ್ನೇ ಬದಲಿಸಿದರು. 'ಹೆಚ್ಚು ವೇಗ' ಇದ್ದದ್ದು 'ಬೇಗ ತೆಗೆಯಬಹುದು' ಆಯಿತು. ಜನ ವೈರು ಎಳೆಯುತ್ತಾರೆ ಅನ್ನೋದನ್ನು ಒಪ್ಪಿಕೊಂಡು, ವೇಗ ಸ್ವಲ್ಪ ಹೋದರೂ ಪರವಾಗಿಲ್ಲ ಅಂತ ಮಾಡಿದ ಬದಲಾವಣೆ. ನಾವು? "ಬಳಕೆದಾರ ಮ್ಯಾನ್ಯುಯಲ್ ಓದಬೇಕು" ಅಂತ ಉಪದೇಶ ಮಾಡ್ತಾ ಕೂತಿದ್ದೇವೆ.

ಮೂರು ಕೆಟ್ಟ ಸಲಹೆಗಳು

ಒಂದೊಂದಾಗಿ ಬರ್ತೇನೆ.

ಮೊದಲನೆಯದು, "ಎಳೆದು ಬಿಡು, ಜರ್ನಲ್ ಇದೆ, ಏನೂ ಆಗಲ್ಲ." ಜರ್ನಲ್ ಕಾಯೋದು ಮುಖ್ಯವಾಗಿ ಲೆಕ್ಕದ ಪುಸ್ತಕವನ್ನು. ಯಾವ ಕಡತ ಎಲ್ಲಿದೆ ಅನ್ನುವ ದಾಖಲೆ ಹರಿದುಹೋಗದಂತೆ ನೋಡಿಕೊಳ್ಳುತ್ತೆ. ಜಗಲಿಯಿಂದ ಒಳಗೆ ಬಾರದ ಮೂಟೆಯನ್ನು ಅದೇನು ಸೃಷ್ಟಿ ಮಾಡೋಕಾಗುತ್ತಾ? ಸಾಲದ್ದಕ್ಕೆ ಅಂಗಡಿಯಿಂದ ತರುವ ಎಷ್ಟೋ ಡಿಸ್ಕು, ಪೆನ್‌ಡ್ರೈವುಗಳು ಬರೋದು ಎಕ್ಸ್‌ಫ್ಯಾಟ್ ಅಥವಾ ಫ್ಯಾಟ್‌ನಲ್ಲಿ. ಅವಕ್ಕೆ ಜರ್ನಲ್ಲೇ ಇಲ್ಲ!

ಎರಡನೆಯದು, ಲೇಜಿ ಅನ್‌ಮೌಂಟ್. ಯುಮೌಂಟ್ ಆಜ್ಞೆಗೆ ಹೈಫನ್ ಎಲ್ ಸೇರಿಸಿದರೆ ಪ್ರಾಂಪ್ಟು ತಕ್ಷಣ ಬರುತ್ತೆ, ನಿಜ. ಡಿಸ್ಕು ಪಟ್ಟಿಯಿಂದ ಮಾಯ. ಆದರೆ ಅದು ಮಾಡೋದು ಕಣ್ಣಿಗೆ ಕಾಣದಂತೆ ಮರೆಮಾಡೋದಷ್ಟೆ. ಬರೆಯುವ ಕೆಲಸ ಹಿಂದೆ ನಡೀತಾನೇ ಇರುತ್ತೆ. ಜಗಲಿಯ ಮೂಟೆಗೆ ಟಾರ್ಪಾಲು ಮುಚ್ಚಿ "ಖಾಲಿ" ಅಂದಂತೆ. ನಿಜ ಹೇಳುತ್ತಿದ್ದವನು ಒಬ್ಬನಿದ್ದ, ಅವನ ಬಾಯನ್ನೂ ಮುಚ್ಚಿಸಿದ್ದಾಯ್ತು. ಇದನ್ನೇ "ಪರಿಹಾರ" ಅಂತ ಬರೆದವರು ಎಷ್ಟು ಜನ! ಬಲವಂತದ ಹೈಫನ್ ಎಫ್ ಅಂತೂ ಮುಖ್ಯವಾಗಿ ಇರೋದು ಸಂಪರ್ಕ ಕಡಿದುಹೋದ ಎನ್‌ಎಫ್‌ಎಸ್ ಜಾಲಕ್ಕೆ, ನಿಮ್ಮ ಯುಎಸ್‌ಬಿ ಡಿಸ್ಕಿಗಲ್ಲ.

ಮೂರನೆಯದು, ಕಿಲ್ ಮಾಡು, ಆಗದಿದ್ದರೆ ರೀಸ್ಟಾರ್ಟ್ ಮಾಡು. ಬರೆಯೋದಕ್ಕೆ ಕಾದು ನಿಂತ ಪ್ರಕ್ರಿಯೆ 'ಡಿ' ಸ್ಥಿತಿಯಲ್ಲಿರುತ್ತೆ. ಪಿಎಸ್ ಆಜ್ಞೆಯಲ್ಲಿ ನೋಡಿದರೆ ಆ ಅಕ್ಷರ ಕಾಣುತ್ತೆ. ಆ ಸ್ಥಿತಿಯಲ್ಲಿ ಇರುವುದಕ್ಕೆ ಕಿಲ್ 9 ಕೊಟ್ಟರೂ ಕೇಳಿಸೋದಿಲ್ಲ. ಅದು ಮೊಂಡುತನವಲ್ಲ, ಕರ್ನೆಲ್ಲಿನ ಒಳಗೆ ಅರ್ಧ ಕೆಲಸದಲ್ಲಿದೆ ಅಷ್ಟೆ. ಇನ್ನು ಪವರ್ ಬಟನ್ನು ಒತ್ತಿಹಿಡಿದು ಆಫ್ ಮಾಡಿದಿರೋ, ಮೆಮೊರಿಯಲ್ಲಿದ್ದ ಒಂದೇ ಒಂದು ಪ್ರತಿಯೂ ಹೋಯಿತು. ಎಳೆಯೋದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ.

ಹಾಗಾದ್ರೆ ಏನು ಮಾಡಬೇಕು?

ಬೈದು ಸುಮ್ಮನಾದರೆ ನಾನೂ ಆ ಪಂಡಿತರಂತೆಯೇ. ಹಾಗಾಗಿ ನಾನು ಸುಟ್ಟುಕೊಂಡ ಮೇಲೆ ಕಲಿತದ್ದನ್ನು ಬರೀತೇನೆ. ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲೇ ಕುಟ್ಟಿದ್ದೇನೆ, ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕುಟ್ಟಬೇಕು, ಗೊತ್ತಲ್ಲ.

ಮೊದಲು ನೋಡಬೇಕಾದ್ದು, ಅದು ನಿಜವಾಗಿ ನಿಂತಿದೆಯೋ ಅಥವಾ 'ಆಗಲ್ಲ' ಅಂತ ಹೇಳಿದೆಯೋ ಅಂತ. 'ಟಾರ್ಗೆಟ್ ಈಸ್ ಬಿಸಿ' ಅಂತ ತಕ್ಷಣ ಸಂದೇಶ ಬಂದರೆ ಅದು ಬೇರೆಯೇ ರೋಗ. ಯಾವುದೋ ಪ್ರೋಗ್ರಾಮು ಆ ಡಿಸ್ಕಿನ ಒಳಗೆ ಕೂತಿದೆ. ಬಹಳ ಸಲ ನಾವೇ ತೆರೆದಿಟ್ಟ ಇನ್ನೊಂದು ಟರ್ಮಿನಲ್ಲು, ಇಲ್ಲಾಂದ್ರೆ ಹಾಡು ನಿಲ್ಲಿಸಿ ಮುಚ್ಚದೇ ಬಿಟ್ಟ ಪ್ಲೇಯರು, ಇಲ್ಲಾಂದ್ರೆ ಕಡತಗಳನ್ನು ಹುಡುಕಿ ಪಟ್ಟಿ ಮಾಡುವ ಇಂಡೆಕ್ಸರು. ಫ್ಯೂಸರ್ ಆಜ್ಞೆಗೆ ಹೈಫನ್ ವಿಎಂ ಸೇರಿಸಿ ಡಿಸ್ಕಿನ ಜಾಗ ಕೊಟ್ಟರೆ ಯಾರು ಕೂತಿದ್ದಾರೆ ಅಂತ ಹೇಳುತ್ತೆ. ಅವರನ್ನು ಎಬ್ಬಿಸಿ, ಮತ್ತೆ ಅನ್‌ಮೌಂಟ್ ಕೊಡಿ. ಅಷ್ಟೆ.

ಸಂದೇಶವೇ ಇಲ್ಲದೆ ನಿಂತಿದ್ದರೆ ಜಗಲಿ ನೋಡಿ. ಪ್ರೊಕ್ ಫೋಲ್ಡರಿನಲ್ಲಿ ಮೆಮ್‌ಇನ್ಫೊ ಅಂತ ಕಡತ ಇದೆ. ಅದರಲ್ಲಿ ಎರಡು ಸಾಲು ನಮಗೆ ಬೇಕು, ಡರ್ಟಿ ಮತ್ತು ರೈಟ್‌ಬ್ಯಾಕ್. ಡರ್ಟಿ ಅಂದರೆ ಜಗಲಿಯಲ್ಲಿ ಉಳಿದದ್ದು, ರೈಟ್‌ಬ್ಯಾಕ್ ಅಂದರೆ ಈಗ ಹೆಗಲ ಮೇಲಿರೋದು. ವಾಚ್ ಆಜ್ಞೆಯ ಜೊತೆ ಗ್ರೆಪ್ ಸೇರಿಸಿ ಈ ಎರಡು ಸಾಲನ್ನೇ ನೋಡ್ತಾ ಕೂರಿ. ಅಂಕಿ ಇಳೀತಾ ಇದ್ದರೆ ಎಲ್ಲ ಸರಿಯಿದೆ, ಕಾಫಿ ಮಾಡಿಕೊಂಡು ಬನ್ನಿ. ಎಷ್ಟು ವೇಗದಲ್ಲಿ ಇಳಿಯುತ್ತೆ ಅಂತ ನೋಡಿದರೆ ಎಷ್ಟು ಹೊತ್ತು ಕಾಯಬೇಕು ಅಂತಲೂ ಲೆಕ್ಕ ಸಿಗುತ್ತೆ. ಗಣಕ ಹೇಳದ ನಿಜವನ್ನು ನೀವೇ ಓದಿಕೊಂಡಂತಾಯ್ತು.

ಅಂಕಿ ಇಳಿಯುತ್ತಲೇ ಇಲ್ಲ ಅಂದರೆ ಕರ್ನೆಲ್ಲಿನ ದಿನಚರಿ ನೋಡಬೇಕು. ಡಿಮೆಸೆಜ್ ಅಥವಾ ಜರ್ನಲ್‌ಸಿಟಿಎಲ್ ಹೈಫನ್ ಕೆ. 'ಯುಮೌಂಟ್ 120 ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತಿದೆ' ಅನ್ನುವ ಅರ್ಥದ ಸಂದೇಶ ಕಂಡರೆ ಹೆದರಬೇಡಿ, ಅದು ತಡವಾಗಿದೆ ಅನ್ನುವ ವರದಿ ಮಾತ್ರ, ಸತ್ತಿದೆ ಅಂತಲ್ಲ. ಆದರೆ ಯುಎಸ್‌ಬಿ ಸಾಧನ ರೀಸೆಟ್ ಆಯಿತು, ರೀಸೆಟ್ ಆಯಿತು ಅಂತ ಸಾಲುಸಾಲು ಬರ್ತಿದ್ದರೆ ವೈರೋ ಪೋರ್ಟೋ ವಿದ್ಯುತ್ತೋ ಸರಿ ಇಲ್ಲ. ನನ್ನದೂ ಕೊನೆಗೆ ಗೊತ್ತಾದದ್ದು ಅದೇ, ಲೂಸಾದ ವೈರು. ಅದಕ್ಕೇ ಅಷ್ಟು ನಿಧಾನ ಇತ್ತು. ಯುಎಸ್‌ಬಿ 2ರ ಪೋರ್ಟು ನಿಯಮದಂತೆ ಕೊಡೋದು 500 ಮಿಲಿಆಂಪು, 3ರದ್ದು 900. ಪ್ರತ್ಯೇಕ ವಿದ್ಯುತ್ ಇಲ್ಲದ ಹಬ್ಬಿಗೆ ತಿರುಗುವ ಹಾರ್ಡ್‌ಡಿಸ್ಕು ಚುಚ್ಚಿ, ಅದರ ಪಕ್ಕದಲ್ಲೇ ಮೊಬೈಲ್ ಚಾರ್ಜಿಗಿಟ್ಟರೆ ಪಾಪ ಅದೇನು ಮಾಡೀತು? ಗಣಕಕ್ಕೇ ನೇರವಾಗಿ, ಗಿಡ್ಡ ವೈರಿನಲ್ಲಿ ಚುಚ್ಚಿ. ವೈರು ಬದಲಿಸಿದ ಮೇಲೂ ರೀಸೆಟ್ ನಿಲ್ಲದಿದ್ದರೆ, ಜೊತೆಗೆ ಯುಎಎಸ್ ಅನ್ನುವ ಹೆಸರು ಕಾಣುತ್ತಿದ್ದರೆ, ಆ ಡಿಸ್ಕಿನ ಚಿಪ್ಪಿಗೆ ಮಾತ್ರ ಯುಎಎಸ್ ಬೇಡ ಅಂತ ಯುಎಸ್‌ಬಿ ಸ್ಟೋರೇಜಿನ ಕ್ವಿರ್ಕ್ಸ್ ಆಯ್ಕೆಯಲ್ಲಿ ಹೇಳಬಹುದು.

ಐ ಓ ಎರರ್ ಅಂತ ಬರ್ತಿದ್ದರೆ ಡಿಸ್ಕೇ ಹಾಸಿಗೆ ಹಿಡಿದಿದೆ ಅಂತ ಅನುಮಾನಿಸಿ. ಸ್ಮಾರ್ಟ್‌ಸಿಟಿಎಲ್ ಕೊಟ್ಟು 'ಕರೆಂಟ್ ಪೆಂಡಿಂಗ್ ಸೆಕ್ಟರ್' ಸಾಲು ನೋಡಿ, ಸೊನ್ನೆಗಿಂತ ಜಾಸ್ತಿ ಇದ್ದರೆ ಎಚ್ಚರ. ಆಗ ಎಫ್‌ಎಸ್‌ಸಿಕೆ ಓಡಿಸುವ ಆತುರ ಬೇಡ. ಮೊದಲು ಡಿಡಿರೆಸ್ಕ್ಯೂನಲ್ಲಿ ಇಡೀ ಡಿಸ್ಕಿನ ಪ್ರತಿ ಬೇರೆ ಡಿಸ್ಕಿಗೆ ತೆಗೆದುಕೊಳ್ಳಿ, ರಿಪೇರಿ ಏನಿದ್ದರೂ ಆ ಪ್ರತಿಯ ಮೇಲೆ.

ಏನೂ ದೋಷ ಕಾಣದೆ ಬರೀ ನಿಧಾನ ಅಂದರೆ, ಡಿಸ್ಕು ಎಸ್‌ಎಂಆರ್ ಜಾತಿಯದ್ದಿರಬಹುದು. ಹಂಚು ಹೊದಿಸಿದಂತೆ ಒಂದರ ಮೇಲೊಂದು ಪಟ್ಟಿಯಾಗಿ ಬರೆಯುವ ಡಿಸ್ಕುಗಳಿವು. ಮೊದಲ ಕೆಲವು ಜೀಬಿ ಟಕಟಕ ಬರೆದು ಆಮೇಲೆ ಎತ್ತಿನಗಾಡಿ. ಅದಕ್ಕೆ ಮದ್ದಿಲ್ಲ, ತಾಳ್ಮೆಯೊಂದೇ.

ಇದು ರೋಗ ಬಂದ ಮೇಲಿನ ಮಾತು. ಬರದಂತೆ ಮಾಡೋದು ಹೇಗೆ?

ಸಿಸ್ಟಮ್‌ಸಿಟಿಎಲ್ ಅಲ್ಲ, ಎಸ್‌ವೈಎಸ್‌ಸಿಟಿಎಲ್! ಅದರ ಸೆಟ್ಟಿಂಗಿನಲ್ಲಿ ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್ 16777216, ಡರ್ಟಿ ಬೈಟ್ಸ್ 50331648 ಅಂತ ಹಾಕಿ. ಅಂದರೆ 16 ಎಂಬಿ ಮತ್ತು 48 ಎಂಬಿ. ಇವನ್ನು ಹಾಕಿದ ಕೂಡಲೇ ಹಳೇ ಶೇಕಡಾ ಲೆಕ್ಕ ತಾನಾಗೇ ರದ್ದಾಗುತ್ತೆ. ಈಗ ಕಾಪಿ ನಿಧಾನ ಅನ್ನಿಸುತ್ತೆ, ಆದರೆ ನಿಧಾನವಾದದ್ದಲ್ಲ, ಪಟ್ಟಿ ನಿಜ ಹೇಳೋಕೆ ಶುರು ಮಾಡಿದೆ ಅಷ್ಟೆ. "ಮುಗಿಯಿತು" ಅಂದ ಮೇಲೆ ಕೆಲವೇ ಸೆಕೆಂಡಿನಲ್ಲಿ ಅನ್‌ಮೌಂಟ್ ಆಗುತ್ತೆ. ಇದು ಒಳಗಿನ ಡಿಸ್ಕಿಗೂ ಅನ್ವಯಿಸುತ್ತೆ, ಭಾರೀ ಕೆಲಸ ಮಾಡುವವರು ಸ್ವಲ್ಪ ದೊಡ್ಡ ಸಂಖ್ಯೆ ಇಟ್ಟುಕೊಳ್ಳಿ. ನನ್ನ ಬರೆಯೋ, ಹಾಡು ಕೇಳೋ ಗಣಕಕ್ಕೆ ಏನೂ ತೊಂದರೆ ಆಗಿಲ್ಲ.

ಎರಡನೆಯದು, ಬೆಲೆಬಾಳುವ ಕಡತವನ್ನು ಎಂದೂ ಸಾಗಿಸಬೇಡಿ. ಕಟ್ ಪೇಸ್ಟ್ ಬೇಡ, ಎಂವಿ ಬೇಡ. ಮೊದಲು ಕಾಪಿ, ಆಮೇಲೆ ಸಿಂಕ್ ಹೈಫನ್ ಎಫ್ ಅಂತ ಆ ಡಿಸ್ಕಿನ ಜಾಗ ಕೊಡಿ, ಅದು ಆ ಒಂದು ಡಿಸ್ಕಿನ ಬಾಕಿಯನ್ನು ಮಾತ್ರ ಬರೆಸುತ್ತೆ. ಆಮೇಲೆ ಅನ್‌ಮೌಂಟ್. ಡಿಸ್ಕನ್ನು ತೆಗೆದು ಮತ್ತೆ ಚುಚ್ಚಿ. ಆಗ ಎಸ್‌ಎಚ್‌ಎ256ಸಮ್ ಕೊಟ್ಟು ಎರಡೂ ಕಡೆಯ ಕಡತ ಒಂದೇನಾ ಅಂತ ತಾಳೆ ನೋಡಿ. ತೆಗೆದು ಚುಚ್ಚೋದು ಯಾಕೆ ಅಂತೀರಾ? ಚುಚ್ಚದೆ ತಾಳೆ ನೋಡಿದರೆ ಗಣಕ ಮೆಮೊರಿಯಲ್ಲಿರುವ ಪ್ರತಿಯನ್ನೇ ಓದಿ "ಸರಿಯಾಗಿದೆ" ಅಂದುಬಿಡಬಹುದು. ಇನ್ನೊಂದು ಸುಳ್ಳು! ಎಲ್ಲ ತಾಳೆಯಾದ ಮೇಲೆ ಮಾತ್ರ ಮೂಲ ಅಳಿಸಿ. ಅಳಿಸದೇ ಇದ್ದರೆ ಇನ್ನೂ ಒಳ್ಳೇದು.

ನೀವು ಹೇಳೋದು ಗೊತ್ತು

"ಜಗಲಿ ಇಲ್ಲದಿದ್ದರೆ ಗಣಕ ಆಮೆಯಾಗುತ್ತೆ" ಅಂತೀರಿ. ಗೊತ್ತು ಸ್ವಾಮೀ. ಜಗಲಿ ಬೇಡ ಅಂತ ನಾನು ಹೇಳಿಲ್ಲ. ಪ್ರತಿಯೊಂದನ್ನೂ ಆಗಿಂದಾಗಲೇ ಬರೆಯುವ ಸಿಂಕ್ ಮೌಂಟ್ ಹಾಕಿ ಅಂತಲೂ ಹೇಳಿಲ್ಲ. ಅದರ ಕಥೆಯೂ ಗೊತ್ತಿದೆ. 2005ರ 2.6.12 ಕರ್ನೆಲ್ಲಿನಲ್ಲಿ ಫ್ಯಾಟ್ ಡಿಸ್ಕುಗಳು ಸಿಂಕ್ ಆಯ್ಕೆಯನ್ನು ನಿಜವಾಗಿ ಪಾಲಿಸತೊಡಗಿದಾಗ ಪೆನ್‌ಡ್ರೈವುಗಳು ತೆವಳಿದವು. ಸಾಲದ್ದಕ್ಕೆ ಒಂದೇ ಜಾಗಕ್ಕೆ ಸಾವಿರ ಸಲ ಬರೆದು ಫ್ಲಾಶ್ ಮೆಮೊರಿ ಸವೆಯುವ ಭಯ ಬೇರೆ. ಆಮೇಲೆ ಅದಕ್ಕೇ ಫ್ಯಾಟ್‌ಗೆ ಫ್ಲಶ್ ಅನ್ನುವ ಮಧ್ಯದ ದಾರಿ ಬಂತು. ಮಧ್ಯದ ದಾರಿ ಸಾಧ್ಯ ಅನ್ನೋದಕ್ಕೆ ಅದೇ ಸಾಕ್ಷಿ. ಹೊರಗೆ ಎಳೆಯಬಹುದಾದ ಸಾಧನಕ್ಕೆಲ್ಲ ಚಿಕ್ಕ ಜಗಲಿ, ಒಳಗಿನದಕ್ಕೆ ದೊಡ್ಡದು. ನಾನು ಕೇಳ್ತಿರೋದು ಇಷ್ಟೇ.

"ಈಗ ಗ್ನೋಮ್ ಹೇಳುತ್ತಲ್ಲ, ಬರೀತಾ ಇದ್ದೇನೆ, ತೆಗೀಬೇಡಿ ಅಂತ" ಅಂತೀರಿ. ಹೌದು, ಅದನ್ನು ಮಾಡಿದವರಿಗೆ ನಮಸ್ಕಾರ. ಆದರೆ ಅದು ಹೇಳೋದು ಇಜೆಕ್ಟ್ ಒತ್ತಿದ ಮೇಲೆ. ಇನ್ನೆಷ್ಟು ಬಾಕಿ ಅಂತ ಹೇಳೋದಿಲ್ಲ. ಗಂಟೆಯೋ ನಿಮಿಷವೋ ಗೊತ್ತಿಲ್ಲದೆ ಬಸ್‌ಸ್ಟ್ಯಾಂಡಿನಲ್ಲಿ ಕೂತವನ ತಾಳ್ಮೆ ಎಷ್ಟು ಹೊತ್ತು ಇರುತ್ತೆ?

"ಬ್ಯಾಕಪ್ ಇಟ್ಟುಕೊಳ್ಳದಿದ್ದದ್ದು ನಿನ್ನ ತಪ್ಪು" ಅಂತೀರಿ. ಒಪ್ಪಿದೆ. ಆದರೆ ಸ್ವಲ್ಪ ನೋಡಿ, ಆ ಡಿಸ್ಕು ತಂದದ್ದೇ ಅದನ್ನು ಕಾಪಾಡೋಕೆ. ಬ್ಯಾಕಪ್ ಮಾಡುವ ಹೊತ್ತಿನಲ್ಲೇ ಕಳೆದುಕೊಂಡವನಿಗೆ ಬ್ಯಾಕಪ್ಪಿನ ಪಾಠ ಹೇಳಿ ಏನು ಪ್ರಯೋಜನ?

ಕೊನೆಗೊಂದು ಮಾತು

ನಾವು ಕನ್ನಡದಲ್ಲಿ ಮುಕ್ತ ತಂತ್ರಾಂಶದ ಬಗ್ಗೆ ಬರೀತೀವಿ. ವೈರಸ್ಸಿಲ್ಲ, ಬಿಟ್ಟಿ, ಸ್ವಾತಂತ್ರ್ಯ, ಕನ್ನಡ ಚೆನ್ನಾಗಿ ಕಾಣುತ್ತೆ ಅಂತೆಲ್ಲ ಹೇಳಿ ಅಕ್ಕನಿಗೆ, ಮೇಷ್ಟ್ರಿಗೆ, ಪಕ್ಕದ ಮನೆಯವರಿಗೆ ಹಾಕಿಕೊಡ್ತೀವಿ. ಹಾಕಿಕೊಟ್ಟವರ ಜವಾಬ್ದಾರಿ ಇನ್‌ಸ್ಟಾಲ್ ಆದ ದಿನಕ್ಕೆ ಮುಗಿಯುತ್ತಾ? ಅವರ ಮದುವೆ ಫೋಟೋ, ಅಜ್ಜಿಯ ಹಾಡು, ಬರೆದಿಟ್ಟ ಕಾದಂಬರಿ ಎಲ್ಲ ಇದೇ ಜಗಲಿ ದಾಟಿ ಹೋಗಬೇಕು. ಹಾಕಿಕೊಡುವಾಗ ಆ ಎರಡು ಸಾಲಿನ ಸೆಟ್ಟಿಂಗನ್ನೂ ಹಾಕಿಕೊಡಿ. "ತಿರುಗುತ್ತಿದ್ದರೆ ಕಾಯಿರಿ, ಅದು ಕೆಲಸ ಮಾಡ್ತಿದೆ" ಅಂತ ಒಂದು ಮಾತು ಹೇಳಿ. ಯಾರಾದರೂ ಫೋನು ಮಾಡಿ "ಅನ್‌ಮೌಂಟ್ ನೇತಾಡ್ತಿದೆ" ಅಂದರೆ, ದಯವಿಟ್ಟು, "ಎಳೆದು ಬಿಡು" ಅನ್ನಬೇಡಿ. "ಡರ್ಟಿ ಎಷ್ಟಿದೆ ನೋಡು" ಅನ್ನಿ.

ನನ್ನ ಮಿತ್ರನ ಮೇಲೆ ನನಗೆ ಸಿಟ್ಟಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳ್ತಿದ್ದೆ. ಎಷ್ಟೋ ಜನಕ್ಕೆ ಹೇಳಿಯೂ ಇದ್ದೇನೆ, ಅವರಲ್ಲಿ ಯಾರಿಗೆ ಏನು ಹೋಯಿತೋ.. ಆ ಲೆಕ್ಕ ನನಗೆ ಗೊತ್ತಿಲ್ಲ, ಅದು ಈಗ ಚುಚ್ಚುತ್ತೆ.

ಫೋಟೋರೆಕ್ ಹಾಕಿ ಲ್ಯಾಪ್‌ಟಾಪಿನ ಡಿಸ್ಕನ್ನು ಎರಡು ರಾತ್ರಿ ಜಾಲಾಡಿದೆ. ಸಿಕ್ಕದ್ದು ಏನೂ ಇಲ್ಲ. ಉಳಿದದ್ದು ಐದನೇ ಕ್ಯಾಸೆಟ್ಟಿನ ಆ ಹನ್ನೆರಡು ನಿಮಿಷ. ಅದರಲ್ಲಿ ದೊಡ್ಡಪ್ಪ ಕರ್ಣನಾಗಿ ಕೃಷ್ಣನಿಗೆ ಉತ್ತರ ಕೊಡೋಕೆ ಶುರು ಮಾಡ್ತಾರೆ. ಹಿಂದೆ ಮಳೆ ಸುರೀತಿರೋ ಸದ್ದು, ಯಾರೋ ಕೆಮ್ಮೋದು, ಚೆಂಡೆ ಸರಿಮಾಡಿಕೊಳ್ಳೋದು ಎಲ್ಲ ಕೇಳುತ್ತೆ. ಪ್ರಶ್ನೆ ಪೂರ್ತಿ ಇದೆ. ಉತ್ತರ ಶುರುವಾಗಿ ಮೂರನೇ ವಾಕ್ಯಕ್ಕೆ ನಿಲ್ಲುತ್ತೆ.

ಆ ಹನ್ನೆರಡು ನಿಮಿಷಕ್ಕೆ ಈಗ ನಾಲ್ಕು ಕಡೆ ಪ್ರತಿ ಇಟ್ಟಿದ್ದೇನೆ. ನಾಲ್ಕನ್ನೂ ತೆಗೆದು ಮತ್ತೆ ಚುಚ್ಚಿ ತಾಳೆ ನೋಡಿದ್ದೇನೆ.

ಬೈಯಬೇಕು ಅನ್ನಿಸಿದವರಿಗೆ ಕೆಳಗೆ ಜಾಗ ಇದೆ. ಬೈಯೋಕೆ ಮುಂಚೆ ನಿಮ್ಮ ಗಣಕದ ಡರ್ಟಿ ರೇಶಿಯೊ ಎಷ್ಟಿದೆ ಅಂತ ಒಮ್ಮೆ ನೋಡಿಕೊಂಡು ಬನ್ನಿ. 20 ಇದ್ದರೆ ಮೊದಲು ಅದನ್ನು ಸರಿಮಾಡಿ, ಆಮೇಲೆ ಜಗಳ ಆಡೋಣ.